ಶಿಲ್ಪಿ ರೆಂಜಾಳ ಗೋಪಾಲ ಶೆಣೈ

ಕೊಕ್ಕಡದವರಾದ ನಮಗೆ ಧರ್ಮಸ್ಥಳದ ಬಾಹುಬಲಿ ನೆರೆಮನೆಯವನಿದ್ದಂತೆ. ಬಾಲ್ಯದಿಂದ ಅದೆಷ್ಟು ಸಲ ಆ ಬೆಟ್ಟ ಹತ್ತಿದ್ದೇನೋ! ಆದರೂ ಮೂರ್ತಿಯನ್ನು ಕಡೆದವರಾರೆಂದು ಕೇಳಿದವನಲ್ಲ. ಕೆಂಪುಕಲ್ಲಿನ ಗೋಡೆ ಕಟ್ಟುವ ನನ್ನ ತಂದೆಯೇ, ಶಾಲೆಯ ಮೆಟ್ಟಿಲು ಹತ್ತದವರು, ಒಂದು ದಿನ ಆ ಹೆಸರು ಹೇಳಿದರು.

ಶೆಣೈಯವರು ಕಾರ್ಕಳದ ಶಿಲ್ಪಿ. 1432ರ ಗೊಮ್ಮಟನು ನಿಂತಿರುವ ಊರಿನಲ್ಲಿ ಇನ್ನೊಬ್ಬ ಬಾಹುಬಲಿಯನ್ನು ಕಡೆಯಹೊರಡುವುದೆಂದರೆ ಹೋಲಿಕೆಗೆ ತಲೆಯೊಡ್ಡಿದಂತೆಯೇ ಸರಿ. ರತ್ನವರ್ಮ ಹೆಗ್ಗಡೆಯವರ ಸಂಕಲ್ಪದಂತೆ 1967ರಲ್ಲಿ ಕೆತ್ತನೆ ಮೊದಲಾದಾಗ ಅವರ ಪ್ರಾಯ ಎಪ್ಪತ್ತರ ಆಸುಪಾಸು. ಮರುವರ್ಷವೇ ಹೆಗ್ಗಡೆಯವರು ತೀರಿಕೊಂಡರು. ಕೆಲಸ ನಿಲ್ಲಲಿಲ್ಲ, ವೀರೇಂದ್ರ ಹೆಗ್ಗಡೆಯವರು ಮುಂದುವರಿಸಿದರು. 39 ಅಡಿ ಎತ್ತರ, ಸುಮಾರು 170 ಟನ್ ತೂಕ, ಎಲ್ಲವೂ ಒಂದೇ ಕಲ್ಲು! ತಂದೆಯವರ ಗೋಡೆಯಲ್ಲಿ ಒಂದು ಕಲ್ಲು ಒಡೆದರೆ ಇನ್ನೊಂದಿದೆ. ಇಲ್ಲಿಯಾದರೋ ಮೂಗಿನ ತುದಿಯಲ್ಲಿ ಒಂದು ಏಟು ತಪ್ಪಿದರೆ ವರ್ಷಗಳ ದುಡಿಮೆ ಮಣ್ಣುಪಾಲು.

1973ರಲ್ಲಿ ಮೂರ್ತಿಯು ಬಹುಚಕ್ರದ ಟ್ರಾಲಿಯೇರಿ ಧರ್ಮಸ್ಥಳಕ್ಕೆ ಹೊರಟಿತು. ಪ್ರತಿಷ್ಠೆಯಾದುದು 1982ರಲ್ಲಿ. ಮೂರು ವರ್ಷಗಳ ಬಳಿಕ, 1985ರಲ್ಲಿ, ಶೆಣೈಯವರು ತೀರಿಕೊಂಡರು.

ಕಳೆದ ರಜೆಯಲ್ಲಿ ತಂದೆಯೊಡನೆ ಬೆಟ್ಟಕ್ಕೆ ಹೋಗಿದ್ದೆ. ನಾನು ಮುಖವನ್ನು ನೋಡುತ್ತ ನಿಂತಿದ್ದೆ. ಅವರು ಮಾತ್ರ ಬಹಳ ಹೊತ್ತು ಪಾದದ ಬೆರಳುಗಳನ್ನೇ ನೋಡುತ್ತಿದ್ದರು.