ಪಂಡಿತಾ ರಮಾಬಾಯಿ ಮತ್ತು ಆಗಲೇ ತೀರಿಹೋದ ಸಾಲ

ಇದು ಶುಭ ಶುಕ್ರವಾರ. ಕರ್ತನ ಪಾಡುಗಳನ್ನು ಧ್ಯಾನಿಸೋಕೆ ಈ ಸಲ ನಮ್ಮ ನಾಡಿನಲ್ಲೇ ಹುಟ್ಟಿದ ಒಬ್ಬ ತಾಯಿಯ ಜೀವನವನ್ನು ನಿಮ್ಮ ಮುಂದೆ ಇಡ್ತೀನಿ.

ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯಿಂದ ಕೆಲಸಕ್ಕೆ ಅಂತ ಸಿಟಿಗೆ ಬಂದವರು ಇಲ್ಲಿ ತುಂಬಾ ಜನ ಇದ್ದೀರಿ. ಘಟ್ಟದ ಕಾಡು ಹೇಗಿರುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದೇ ಸಹ್ಯಾದ್ರಿಯ ಸಾಲಿನಲ್ಲಿ, ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರ ಏಪ್ರಿಲ್‌ನಲ್ಲಿ ರಮಾಬಾಯಿ ಹುಟ್ಟಿದರು. ತಂದೆ ಅನಂತಶಾಸ್ತ್ರಿ ಡೋಂಗ್ರೆ. ಹೆಂಗಸರಿಗೆ ಸಂಸ್ಕೃತ ಕಲಿಸಬಾರದು ಅನ್ನುತ್ತಿದ್ದ ಕಾಲದಲ್ಲಿ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದವರು. ಆ ತಾಯಿ ಮಗಳಿಗೆ ಕಲಿಸಿದರು. ಮಗುವಿಗೆ ಆರು ತಿಂಗಳಾಗಿದ್ದಾಗ ಮನೆಯವರು ಕಾಡು ಬಿಟ್ಟು ಹೊರಟರು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿಟ್ಟು ತಲೆ ಮೇಲೆ ಹೊತ್ತು ಘಟ್ಟ ಇಳಿಸಿದರಂತೆ.

ಅಲ್ಲಿಂದ ಮುಂದೆ ಅವರ ಬದುಕೆಲ್ಲ ತೀರ್ಥಯಾತ್ರೆ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆಯೋದು, ಪುರಾಣ ಓದೋದು, ಉಪವಾಸ, ನದೀಸ್ನಾನ, ದಾನ. ಈ ಕುಟುಂಬದ ಭಕ್ತಿಯನ್ನು ಯಾರೂ ಹಗುರವಾಗಿ ಮಾತಾಡಬೇಡಿ. ನಮ್ಮಲ್ಲಿ ಒಂದು ದಿನ ಉಪವಾಸ ಮಾಡಿದರೆ ಸಂಜೆ ಆಗೋದನ್ನೇ ಕಾಯ್ತೀವಿ! ಅವರು ಕೈಯಲ್ಲಿದ್ದದ್ದನ್ನೆಲ್ಲ ಕೊಟ್ಟರು. ಅಷ್ಟರಲ್ಲಿ ಬರಗಾಲ ಬಂತು. ಕಾಡಿನಲ್ಲಿ ಎಲೆ ತಿಂದು ದಿನ ಕಳೆದರು. 1874ರಲ್ಲಿ ತಂದೆ ಹೋದರು, ಆಮೇಲೆ ತಾಯಿ, ಆಮೇಲೆ ಅಕ್ಕ. ತಾಯಿಯ ಚಟ್ಟ ಹೊರೋಕೆ ಸಾಕಷ್ಟು ಜನ ಸಿಗಲಿಲ್ಲ. ಹದಿನಾರು ವರ್ಷದ ಹುಡುಗಿಯೇ ಹೆಗಲು ಕೊಡಬೇಕಾಯಿತು. ಕುಳ್ಳಗಿದ್ದದ್ದರಿಂದ ಹೆಗಲಿಗೆ ಸಿಗದೆ ತಲೆ ಮೇಲೆ ಹೊತ್ತು ನಡೆದಳು. ಅಣ್ಣ ಶ್ರೀನಿವಾಸನ ಜೊತೆ ಉತ್ತರದ ಕಡೆ ನಡೆದಾಗ ಚಳಿ ತಡೆಯೋಕೆ ಹೊದಿಕೆ ಇರಲಿಲ್ಲ. ನದಿ ದಡದಲ್ಲಿ ಗುಂಡಿ ತೋಡಿ, ಕುತ್ತಿಗೆವರೆಗೆ ಒಣ ಮರಳು ಮುಚ್ಚಿಕೊಂಡು ಇಬ್ಬರೂ ಮಲಗುತ್ತಿದ್ದರು.

1878ರಲ್ಲಿ ಕಲ್ಕತ್ತಾ ಸೇರಿದರು. ಅಲ್ಲಿನ ವಿದ್ವಾಂಸರು ಪರೀಕ್ಷಿಸಿ ಪಂಡಿತಾ, ಸರಸ್ವತಿ ಅನ್ನೋ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಮದುವೆ, ಮರುವರ್ಷ ಮಗಳು ಮನೋರಮಾ, 1882ರ ಫೆಬ್ರವರಿಯಲ್ಲಿ ಗಂಡ ಕಾಲರಾಕ್ಕೆ ಬಲಿ. ಗಂಡನ ಪುಸ್ತಕಗಳ ನಡುವೆ ಅವರಿಗೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತ್ತು. ಇಂಗ್ಲೆಂಡಿಗೆ ಹೋದಾಗ, ದಾರಿ ತಪ್ಪಿದ ಹೆಂಗಸರನ್ನು ಪ್ರೀತಿಯಿಂದ ಸೇವೆ ಮಾಡುವ ಒಂದು ಮನೆಯನ್ನು ನೋಡಿದರು. ಇವರನ್ನು ಯಾಕೆ ಪ್ರೀತಿಸ್ತೀರಿ ಅಂತ ಕೇಳಿದಾಗ, ಅಲ್ಲಿನ ಸಹೋದರಿ ಸಮಾರ್ಯದ ಹೆಂಗಸಿನ ಕಥೆ ಓದಿ ಹೇಳಿದರು. 1883ರ ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಆಯಿತು.

ಸಾಮಾನ್ಯವಾಗಿ ಸಾಕ್ಷಿ ಇಲ್ಲಿಗೆ ಮುಗಿಯುತ್ತೆ, ಅಲ್ವಾ? ರಮಾಬಾಯಿಯವರದ್ದು ಮುಗಿಯಲಿಲ್ಲ. ಅಮೆರಿಕಾಕ್ಕೆ ಹೋದರು, ಪುಸ್ತಕ ಬರೆದರು, 1889ರಲ್ಲಿ ಮುಂಬೈನಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಹೊರಗೆ ಎಲ್ಲ ಚೆನ್ನಾಗಿತ್ತು, ಒಳಗೆ ಸಮಾಧಾನ ಇರಲಿಲ್ಲ. ತಾನು ಕ್ರೈಸ್ತ ಧರ್ಮವನ್ನು ಒಪ್ಪಿಕೊಂಡೆ, ಆದರೆ ಕ್ರಿಸ್ತನನ್ನೇ ಇನ್ನೂ ಕಂಡಿಲ್ಲ ಅಂತ ಅವರಿಗೆ ಗೊತ್ತಾಯಿತು. ಹ್ಯಾಸ್ಲಮ್ ಅನ್ನೋ ಇಂಗ್ಲಿಷ್ ಪಾದ್ರಿಯ ಜೀವನಕಥೆ ಓದಿದರು. ಆತ ಪುಲ್ಪಿಟ್ ಮೇಲೆ ನಿಂತು ಪ್ರಸಂಗ ಮಾಡ್ತಾ ಮಾಡ್ತಾ ತಾನೇ ರಕ್ಷಣೆ ಹೊಂದಿದವನು. (ಪಾಸ್ಟರ್‌ಗಳೆಲ್ಲ ಒಮ್ಮೆ ಓದಬೇಕಾದ ಪುಸ್ತಕ ಅದು.) ಹೀಗೆ ದೀಕ್ಷಾಸ್ನಾನವಾಗಿ ಸುಮಾರು ಎಂಟು ವರ್ಷದ ಮೇಲೆ ರಮಾಬಾಯಿ ಶಿಲುಬೆಯ ಕೆಳಗೆ ಬಂದರು, ಪಂಡಿತೆಯಾಗಿ ಅಲ್ಲ, ಕೈಯಲ್ಲಿ ಏನೂ ಇಲ್ಲದ ಪಾಪಿಯಾಗಿ.

ಅವರಿಗೆ ಅಲ್ಲಿ ಕಂಡದ್ದೇನು ಯೋಚನೆ ಮಾಡಿ. ಸೈನಿಕರು ಬಟ್ಟೆ ಹಂಚಿಕೊಂಡಿದ್ದಾರೆ, ಶಿಷ್ಯರು ಓಡಿಹೋಗಿದ್ದಾರೆ, ಕರ್ತನಿಗೆ ಬಾಯಾರಿಕೆ, ಕೊಟ್ಟದ್ದು ಹುಳಿರಸ. ಹಸಿವು, ಬಾಯಾರಿಕೆ, ಹೆಣ ಹೊರೋಕೂ ಜನ ಇಲ್ಲದ ಒಂಟಿತನ, ಇದೆಲ್ಲ ರಮಾಬಾಯಿಗೆ ಗೊತ್ತಿದ್ದ ನೋವೇ. ಆದರೆ ಅವರ ಮನೆಯವರು ಪುಣ್ಯ ಗಳಿಸೋಕೆ ಕಷ್ಟಪಟ್ಟಿದ್ದರು. ಇಲ್ಲಿ ಒಬ್ಬಾತ ಅವರಿಗೋಸ್ಕರ ಕಷ್ಟಪಟ್ಟು, ಸಾಲ ತೀರಿಸಿ ಆಗಿದೆ. ಪಕ್ಕದಲ್ಲಿದ್ದ ಕಳ್ಳನನ್ನು ನೋಡಿ. ಅವನು ಯಾತ್ರೆ ಹೋಗೋ ಹಾಗಿಲ್ಲ, ದಾನ ಕೊಡೋ ಹಾಗಿಲ್ಲ, ಕೈಕಾಲು ಎರಡೂ ಶಿಲುಬೆಯಲ್ಲಿ. ಕೇಳೋದು ಬಿಟ್ಟು ಅವನಿಗೆ ಬೇರೇನೂ ಸಾಧ್ಯ ಇರಲಿಲ್ಲ. ಅವನಿಗೆ ಸಿಕ್ಕಿತು!

ನಮ್ಮಲ್ಲೂ ಯಾತ್ರೆ ಇದೆ ಯೌವನಸ್ಥರೇ. ಶನಿವಾರ ರಾತ್ರಿ ಬಿದ್ದರೆ ಭಾನುವಾರ ಎರಡು ಗಂಟೆ ಜಾಸ್ತಿ ಪ್ರಾರ್ಥನೆ, ವರ್ಷಿಪ್ ಟೀಮ್‌ನಲ್ಲಿ ಒಂದು ಹಾಡು ಜಾಸ್ತಿ, ಕಾಣಿಕೆಗೆ ಐನೂರು ಜಾಸ್ತಿ. ಅದು ಸ್ತೋತ್ರವೋ, ಸಾಲದ ಕಂತೋ, ನೀವೇ ಹೇಳಿ.

ನಾವು ಪೆಂತೆಕೋಸ್ತಿನವರು ರಮಾಬಾಯಿ ಅಂದರೆ 1905ರ ಉಜ್ಜೀವನವನ್ನು ಮಾತ್ರ ನೆನೆಸ್ತೀವಿ. ಕೇಡಗಾಂವ್‌ನ ಮುಕ್ತಿಯಲ್ಲಿ ಹುಡುಗಿಯರ ಮೇಲೆ ಆತ್ಮನು ಇಳಿದದ್ದು, ಅಮೆರಿಕಾದ ಅಜುಸಾ ಬೀದಿಗಿಂತ ಒಂದು ವರ್ಷ ಮೊದಲೇ. ಸರಿ, ಹಲ್ಲೆಲೂಯ. ಆದರೆ ಆ ಹುಡುಗಿಯರು ಅಲ್ಲಿಗೆ ಬಂದದ್ದು ಹೇಗೆ? 1896–97ರ ಬರಗಾಲದಲ್ಲಿ ರಮಾಬಾಯಿ ಮಧ್ಯಪ್ರಾಂತ್ಯಕ್ಕೆ ಹೋಗಿ, ಎಲುಬು ಕಾಣುತ್ತಿದ್ದ ಹುಡುಗಿಯರನ್ನು ನೂರಾರು ಸಂಖ್ಯೆಯಲ್ಲಿ ಕರೆತಂದರು. ಅವರ ಮುಖಗಳಲ್ಲಿ ತನ್ನನ್ನೇ ಕಂಡಿದ್ದರು. 1900ರಲ್ಲಿ ಗುಜರಾತಿನ ಬರ ಬಂದಾಗ ಮುಕ್ತಿಯಲ್ಲಿದ್ದವರು ಸುಮಾರು 2,000. ಇದು ಕಂತು ಕಟ್ಟುವವರ ಕೆಲಸ ಅಲ್ಲ. ಸಾಲ ತೀರಿದ ಮೇಲೆ ಮಾಡಿದ್ದು, ಕೃತಜ್ಞತೆಯಿಂದ ಮಾಡಿದ್ದು.

ಕೊನೆಕೊನೆಗೆ ಕಿವಿ ಕೇಳಿಸುತ್ತಿರಲಿಲ್ಲ. ಆದರೂ ಇಬ್ರಿಯ, ಗ್ರೀಕ್ ಕಲಿತು, ಓದು ಬಾರದ ಹಳ್ಳಿ ಹೆಂಗಸರಿಗೂ ಅರ್ಥವಾಗುವ ಸರಳ ಮರಾಠಿಗೆ ಸತ್ಯವೇದವನ್ನು ತಂದರು. ನಮ್ಮ ಕಲಬುರಗಿಯಲ್ಲೂ ಶಾಲೆ ತೆರೆದಿದ್ದರು, ಮಗಳು ಮನೋರಮಾ ಅದನ್ನು ನೋಡಿಕೊಂಡರು. 1921ರಲ್ಲಿ ಆ ಮಗಳೂ ತೀರಿಕೊಂಡಳು. ಮುಂದಿನ ವರ್ಷ ಏಪ್ರಿಲ್ 5ರಂದು ತಾಯಿ ಕರ್ತನ ಬಳಿಗೆ ಹೋದರು. ಅವರ ಸತ್ಯವೇದವನ್ನು ಮುಕ್ತಿಯ ಹೆಂಗಸರೇ ಅಚ್ಚುಮೊಳೆ ಜೋಡಿಸಿ ಮುದ್ರಿಸಿದರು.

ಈಗ ಎದ್ದು ನಿಲ್ಲೋಣ. ರೊಟ್ಟಿ, ಪಾತ್ರೆ ಸಿದ್ಧವಾಗಿದೆ. ಖಾಲಿ ಕೈಯಲ್ಲೇ ಬನ್ನಿ.