ನಾಲ್ಕನೇ ವಾರ್ಡಿನ ಅರುಣಾ

ಉತ್ತರ ಕನ್ನಡ ಜಿಲ್ಲೆ ಹೊನ್ನಾವರ ತಾಲೂಕಿನ ಹಳದೀಪುರದಲ್ಲಿ 1948ರ ಜೂನ್ 1ರಂದು ಹುಟ್ಟಿದ ಅರುಣಾ ಶಾನಭಾಗ್ ರೋಗಿಗಳ ಸೇವೆಯನ್ನೇ ಬದುಕಾಗಿ ಆರಿಸಿಕೊಂಡು ಮುಂಬಯಿ ಸೇರಿದವರು. ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆದರು. ಅಲ್ಲಿಯ ವೈದ್ಯರೊಬ್ಬರೊಡನೆ ಮದುವೆಯೂ ನಿಶ್ಚಯವಾಗಿತ್ತು. 1973ರ ನವೆಂಬರ್ 27ರ ಸಂಜೆ ಕೆಲಸ ಮುಗಿಸಿ ಬಟ್ಟೆ ಬದಲಾಯಿಸಲು ನೆಲಮಾಳಿಗೆಗೆ ಹೋದಾಗ, ಆಸ್ಪತ್ರೆಯ ಕಸಗುಡಿಸುವ ನೌಕರನೊಬ್ಬ ಮೇಲೆರಗಿ, ನಾಯಿ ಕಟ್ಟುವ ಸರಪಳಿಯಿಂದ ಕತ್ತು ಬಿಗಿದು ಅತ್ಯಾಚಾರ ಮಾಡಿದ. ಮರುದಿನ ಬೆಳಿಗ್ಗೆ ಜನ ನೋಡುವ ಹೊತ್ತಿಗೆ ಪ್ರಾಣವಿತ್ತು. ಆದರೆ ಉಸಿರು ಕಟ್ಟಿದ್ದರಿಂದ ಮಿದುಳು ಹಾಳಾಗಿತ್ತು. ದೃಷ್ಟಿ ಹೋಯಿತು, ಮಾತು ಹೋಯಿತು. ಅಪರಾಧಿಗೆ ಕೊಲೆಯತ್ನ ಮತ್ತು ದರೋಡೆಗೆ ಏಳು ವರ್ಷ ಸಜೆಯಾಯಿತು. ಅತ್ಯಾಚಾರದ ಆರೋಪವನ್ನೇ ಹೊರಿಸಲಿಲ್ಲ.

ಆಗ ಅರುಣಾಗೆ 25 ವರ್ಷ. ಅಲ್ಲಿಂದ ಮುಂದೆ ನಾಲ್ಕನೇ ವಾರ್ಡಿನ ಪಕ್ಕದ ಕೋಣೆಯೇ ಅವರ ಮನೆ. ಬಂಧುಗಳ ಬರುವಿಕೆ ಕಾಲ ಕಳೆದಂತೆ ಕಡಿಮೆಯಾಯಿತು. ಮೈತೊಳೆದು, ಬಟ್ಟೆ ಬದಲಿಸಿ, ಮಗ್ಗುಲು ಹೊರಳಿಸಿ, ಅನ್ನ ಕಿವುಚಿ ಬಾಯಿಗಿಟ್ಟವರು ಜೊತೆಯ ನರ್ಸುಗಳು. ಅವರು ನಿವೃತ್ತರಾದಾಗ ಅವರ ನಂತರದವರು, ಅವರ ನಂತರ ಇನ್ನೊಂದು ತಲೆಮಾರು. 1980ರ ದಶಕದಲ್ಲಿ ಹಾಸಿಗೆ ಖಾಲಿ ಮಾಡಿಸಲು ನಗರಪಾಲಿಕೆ ಅವರನ್ನು ಬೇರೆಡೆಗೆ ಸಾಗಿಸಲು ಹೊರಟಾಗ ನರ್ಸುಗಳು ಪ್ರತಿಭಟಿಸಿ ತಡೆದರು. ಮಲಗಿದಲ್ಲೇ ಮಲಗಿದ್ದ ಆ ದೇಹದಲ್ಲಿ ಅಷ್ಟು ವರ್ಷಗಳ ನಂತರವೂ ಒಂದೇ ಒಂದು ಹಾಸಿಗೆ ಹುಣ್ಣು ಇರಲಿಲ್ಲ. ಮನೆಯಲ್ಲಿ ಪಾರ್ಶ್ವವಾಯು ಪೀಡಿತರನ್ನು ನೋಡಿಕೊಂಡವರಿಗೆ ಇದರ ಬೆಲೆ ಗೊತ್ತು.

ಅರುಣಾರ ಕಥೆಯನ್ನು 1998ರಲ್ಲಿ ಪುಸ್ತಕವಾಗಿ ಬರೆದ ಪತ್ರಕರ್ತೆ ಪಿಂಕಿ ವಿರಾಣಿ 2009ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಆಹಾರ ಕೊಡುವುದನ್ನು ನಿಲ್ಲಿಸಿ, ಆಕೆ ನೆಮ್ಮದಿಯಿಂದ ಸಾಯಲು ಬಿಡಬೇಕೆಂಬುದು ಅವರ ಕೋರಿಕೆ. ಅದರ ಹಿಂದೆ ಕ್ರೌರ್ಯವಿತ್ತೆಂದು ನಾನು ಹೇಳಲಾರೆ. ಇದೂ ಒಂದು ಬದುಕೇ ಎಂದು ನೊಂದು ಕೇಳಿದ ಪ್ರಶ್ನೆ ಅದು. ಆದರೆ ಒಂದು ಸಂಗತಿ ಗಮನಿಸಿರಿ. ಅರುಣಾ ಯಾವ ಯಂತ್ರದ ಮೇಲೂ ಉಸಿರಾಡುತ್ತಿರಲಿಲ್ಲ. ಬಾಯಿಯಿಂದಲೇ ಉಣ್ಣುತ್ತಿದ್ದರು, ಮೀನು, ಕೋಳಿಯ ಸೂಪು ಅವರಿಗೆ ಇಷ್ಟವೆಂದು ನರ್ಸುಗಳು ಹೇಳುತ್ತಿದ್ದರು. 2010ರಲ್ಲಿ ಮಲೇರಿಯಾ ಬಂದು ಊಟ ತಗ್ಗಿದ ಮೇಲಷ್ಟೇ ಮೂಗಿಗೆ ಟ್ಯೂಬು ಬಂತು. ನಿಲ್ಲಿಸಬೇಕೆಂದು ಕೇಳಿದ್ದು ಮದ್ದನ್ನಲ್ಲ, ತುತ್ತನ್ನು.

ಇಂದು ಗಂಗಾವತಿ ಕಡೆಯ ಮರಳಿಯಂತಹ ಊರಿಗೂ ಮೂಗಿಗೆ ಟ್ಯೂಬು ಹಾಕಿಸಿಕೊಂಡ ಹಿರಿಯರು ಆಸ್ಪತ್ರೆಯಿಂದ ಮರಳುವುದುಂಟು. ಸೊಸೆ ಗಂಜಿ ಸೋಸಿ ಸಿರಿಂಜಿನಲ್ಲಿ ಹಾಕುತ್ತಾಳೆ. ಇದು ಚಿಕಿತ್ಸೆಯೋ ಊಟವೋ ಎಂಬ ಪ್ರಶ್ನೆ ಒಳಗೊಳಗೇ ಕಾಡುತ್ತದೆ. ರೋಗಿಗೆ ಮಿತಿಮೀರಿದ ಹೊರೆಯಾಗುವ ಅಸಾಧಾರಣ ಚಿಕಿತ್ಸೆ ಕಡ್ಡಾಯವಲ್ಲವೆಂದು 1957ರಲ್ಲೇ ಜಗದ್ಗುರು ಹನ್ನೆರಡನೇ ಪಿಯುಸ್ ತಿಳಿಸಿದ್ದರು. ಅನ್ನ ನೀರು ಮಾತ್ರ, ಟ್ಯೂಬಿನ ಮೂಲಕವಾದರೂ, ತಾತ್ವಿಕವಾಗಿ ರೋಗಿಗೆ ಸಲ್ಲಬೇಕಾದ ಸಾಧಾರಣ ಆರೈಕೆ ಎಂದು ಎರಡನೇ ಜಾನ್ ಪಾಲ್ 2004ರ ಮಾರ್ಚ್ 20ರಂದು ಬೋಧಿಸಿದರು. ದೇಹ ಅದನ್ನು ಅರಗಿಸಿಕೊಳ್ಳಲಾರದಾದಾಗ, ಅದರಿಂದ ಪೋಷಣೆಯೇ ಸಿಗದಾದಾಗ ಈ ಹೊಣೆ ಉಳಿಯದು. ಮರುವರ್ಷ ಮಾರ್ಚ್ 30ರಂದು ಆ ಜಗದ್ಗುರುಗಳಿಗೇ ಮೂಗಿನ ಟ್ಯೂಬಿನಿಂದ ಆಹಾರ ಕೊಡುತ್ತಿರುವ ಸುದ್ದಿ ಬಂತು. ಏಪ್ರಿಲ್ 2ರಂದು ಅವರು ತೀರಿಕೊಂಡರು.

ಅರುಣಾರ ಮೊಕದ್ದಮೆಯಲ್ಲಿ ನ್ಯಾಯಾಲಯ ಮೂವರು ವೈದ್ಯರಿಂದ ಅವರ ತಪಾಸಣೆ ಮಾಡಿಸಿತು. 2011ರ ಮಾರ್ಚ್ 7ರಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಅರ್ಜಿಯನ್ನು ತಳ್ಳಿಹಾಕಿದರು. ಅರುಣಾರ ಪರವಾಗಿ ಮಾತಾಡುವ ಹಕ್ಕು ಇಷ್ಟು ವರ್ಷ ಹಗಲಿರುಳು ನೋಡಿಕೊಂಡ ಕೆ.ಇ.ಎಂ. ಸಿಬ್ಬಂದಿಯದೇ ಎಂದರು. ಆ ಸಿಬ್ಬಂದಿಗೆ ಆಕೆ ಬದುಕಬೇಕಿತ್ತು. ಅಂದು ಆಸ್ಪತ್ರೆಯಲ್ಲಿ ಕೇಕು ಕತ್ತರಿಸಿ ಸಿಹಿ ಹಂಚಿದರು. ಆದರೆ ಅದೇ ತೀರ್ಪು, ಹೈಕೋರ್ಟಿನ ಒಪ್ಪಿಗೆ ಪಡೆದು ಜೀವಾಧಾರ ಚಿಕಿತ್ಸೆಯನ್ನು ಹಿಂತೆಗೆಯಲು ದೇಶದಲ್ಲಿ ಮೊದಲ ಬಾರಿಗೆ ದಾರಿಯನ್ನೂ ತೆರೆಯಿತು. 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳ ಪೀಠ, ಪ್ರಜ್ಞೆ ತಪ್ಪಿದಾಗ ತನಗೆ ಯಾವ ಚಿಕಿತ್ಸೆ ಬೇಡವೆಂದು ಮುಂಗಡವಾಗಿ ಬರೆದಿಡುವ ಪತ್ರಕ್ಕೂ ಮಾನ್ಯತೆ ಕೊಟ್ಟಿತು. 2023ರಲ್ಲಿ ಅದರ ವಿಧಾನ ಸರಳವಾಯಿತು. ತನಗೇನು ಬೇಕಿತ್ತೆಂದು ಬರೆದಿಡಲು ಇಪ್ಪತ್ತೈದರ ಅರುಣಾಗೆ ಸಮಯವೆಲ್ಲಿತ್ತು?

2015ರ ಮೇ ತಿಂಗಳಲ್ಲಿ ಅವರಿಗೆ ನ್ಯುಮೋನಿಯಾ ಬಂತು. ತೀವ್ರ ನಿಗಾ ಘಟಕಕ್ಕೆ ಸಾಗಿಸಿ ಉಸಿರಾಟದ ಯಂತ್ರ ಜೋಡಿಸಿದರು. ಮೇ 18ರ ಬೆಳಿಗ್ಗೆ ಪ್ರಾಣ ಹೋಯಿತು. ಪ್ರತಿವರ್ಷ ಜೂನ್ 1ರಂದು ನರ್ಸುಗಳು ಅವರ ಹುಟ್ಟುಹಬ್ಬ ಮಾಡುತ್ತಿದ್ದರು. 67ನೆಯದಕ್ಕೆ ಇನ್ನು ಎರಡು ವಾರವಿತ್ತು.