ಹೃದಯದ ಗೆರೆ ಓದಲು ಕಲಿಸಿದ ಐಂಥೋವನ್



ನಾನು ವೈದ್ಯನಲ್ಲ, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವನು. ಆದರೂ ಇ.ಸಿ.ಜಿ. ಕಾಗದ ಕಂಡಾಗಲೆಲ್ಲ ವಿಲ್ಲೆಮ್ ಐಂಥೋವನ್ ನೆನಪಾಗುತ್ತಾರೆ.

ಅವರು 1860ರಲ್ಲಿ ಹುಟ್ಟಿದ್ದು ಜಾವಾದ ಸೆಮಾರಾಂಗ್‌ನಲ್ಲಿ. ವೈದ್ಯರಾಗಿದ್ದ ತಂದೆ ಬೇಗ ತೀರಿಕೊಂಡರು. ತಾಯಿ ಆರು ಮಕ್ಕಳೊಡನೆ ಹಾಲೆಂಡಿಗೆ ಬಂದರು. ಐಂಥೋವನ್ ವೈದ್ಯಕೀಯ ಓದಿ, 25ನೇ ವಯಸ್ಸಿಗೇ ಲೈಡನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದರು.

ಹೃದಯದ ವಿದ್ಯುತ್ತನ್ನು 1887ರಲ್ಲೇ ಲಂಡನ್ನಿನಲ್ಲಿ ವಾಲರ್ ದಾಖಲಿಸಿದ್ದರು. ಆದರೆ ಪಾದರಸದ ಆ ಉಪಕರಣ ತೀರಾ ನಿಧಾನ. ಐಂಥೋವನ್ ಮೊದಲು ಗಣಿತದಿಂದ ಗೆರೆಯನ್ನು ತಿದ್ದಿ, ಏರಿಳಿತಗಳಿಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟರು. ಆಮೇಲೆ ಅಯಸ್ಕಾಂತದ ನಡುವೆ ಬೆಳ್ಳಿ ಲೇಪಿಸಿದ ಕ್ವಾರ್ಟ್ಜ್ ಎಳೆ ಬಿಗಿದು ಹೊಸ ಯಂತ್ರವನ್ನೇ ಕಟ್ಟಿದರು. ತೂಕ ಸುಮಾರು 270 ಕಿಲೋ! ಅದನ್ನು ಆಸ್ಪತ್ರೆಗೆ ಒಯ್ಯುವುದೆಂತು? 1905ರಲ್ಲಿ ಒಂದೂವರೆ ಕಿಲೋಮೀಟರ್ ದೂರದ ರೋಗಿಗಳ ಹೃದಯದ ಸಂಕೇತವನ್ನು ಟೆಲಿಫೋನ್ ತಂತಿಯಲ್ಲೇ ತರಿಸಿಕೊಂಡರು.

ಅವರ 1906ರ ಲೇಖನದಲ್ಲಿ ಹೃದಯದ ಕೆಳಕೋಣೆಗಳಲ್ಲಿ, ಅಂದರೆ ವೆಂಟ್ರಿಕಲ್‌ಗಳಲ್ಲಿ, ಅಕಾಲದಲ್ಲಿ ಹುಟ್ಟುವ ಬಡಿತದ ಗೆರೆಯೂ ಇತ್ತು. ಸಹಜ ಬಡಿತದ ವಿದ್ಯುತ್ತು ತನಗಾಗಿಯೇ ಇರುವ ದಾರಿಯಲ್ಲಿ ಬೇಗ ಹರಡುತ್ತದೆ. ಇದು ಸ್ನಾಯುವಿನ ಮೂಲಕ ನಿಧಾನವಾಗಿ ಸಾಗುವುದರಿಂದ ಗೆರೆ ಅಗಲವಾಗುತ್ತದೆ. ಇಂಥ ಬಡಿತ ಆಗೊಂದು ಈಗೊಂದು ಬಂದರೆ ಎಷ್ಟೋ ಸಲ ಅಪಾಯವಿಲ್ಲ. ಸಾಲಾಗಿ, ವೇಗವಾಗಿ ಬಂದರೆ ಪ್ರಾಣಕ್ಕೇ ಕುತ್ತು.

1924ರಲ್ಲಿ ನೊಬೆಲ್ ಪಡೆದ ಐಂಥೋವನ್ 1927ರಲ್ಲಿ ತೀರಿಕೊಂಡರು. ಇಂದು ಯಂತ್ರವೇ ಇ.ಸಿ.ಜಿ.ಯ ಅರ್ಥ ಬರೆದುಕೊಡುತ್ತದೆ. ಆದರೂ ಸಾಫ್ಟ್‌ವೇರ್ ಬರೆಯುವವನಾಗಿ ಹೇಳುತ್ತೇನೆ, ಆ ಗೆರೆಯನ್ನು ವೈದ್ಯರಿಗೆ ತೋರಿಸದೆ ಬಿಡಬೇಡಿ.